ಹಳದಿ ದೀಪ

ಹಳದಿ ದೀಪ ಹೊತ್ತಿಕೊಂಡಿತು. ಬ್ಯಾಂಕ್ ಗುಮಾಸ್ತ ಬೆವರಿದ. ಅವನ ಉತ್ತರ "ಹಕ್ಕಿ" ಎಂದಷ್ಟೇ ಇತ್ತು. ಯಾವ ಹಕ್ಕಿ ಎಂದದ್ದಕ್ಕೆ "ಹದ್ದಿನ ಥರದ್ದು ಯಾವುದೋ" ಎಂದ. ಗಂಟೆ ಮೊಳಗಲಿಲ್ಲ. ಅವನ ಆಟ ಮುಗಿಯಿತು.

ಈ ಟಿವಿ ಕ್ವಿಜ್‌ನ ಕಟ್ಟುಪಾಡೇ ಹಾಗೆ. ಉತ್ತರ ಸಡಿಲವಾಗಿದ್ದರೆ ಮೂಲೆಯಲ್ಲಿ ಕುಳಿತ ತೀರ್ಪುಗಾರ್ತಿ, ಒಬ್ಬ ನಿವೃತ್ತ ಟೀಚರು, ಹಳದಿ ದೀಪ ಹಾಕುತ್ತಾಳೆ. ಹತ್ತು ಸೆಕೆಂಡಿನಲ್ಲಿ ಬಿಡಿಸಿ ಹೇಳಬೇಕು. ಅವಳ ಚೀಟಿಯಲ್ಲಿರುವಷ್ಟು ಬಂದರೆ ಗಂಟೆ. ಅವಳು ಮಾತಾಡುವುದಿಲ್ಲ.

ಉಳಿದವನು ಒಬ್ಬ ಮುದುಕ, ಹತ್ತಿ ಗಿರಣಿಯ ಹಳೇ ಕಾವಲುಗಾರ. ಇನ್ನೊಂದು ಉತ್ತರ ಸರಿಯಾದರೆ ಅವನಿಗೊಂದು ಮನೆ. ಅವನು, ಮಗಳು, ಇಬ್ಬರು ಮೊಮ್ಮಕ್ಕಳು ಈಗ ಒಂದೇ ಕೋಣೆಯಲ್ಲಿ ಕಾಲು ಮಡಚಿ ಮಲಗುವವರು. ಮಗಳು ಮುಂದಿನ ಸಾಲಿನಲ್ಲಿ ಕರವಸ್ತ್ರ ಹಿಂಡುತ್ತ ಕುಳಿತಿದ್ದಳು.

"ಕೊನೇ ಪ್ರಶ್ನೆ ಯಜಮಾನ್ರೇ," ಎಂದ ನಿರೂಪಕ. "ನಿಮ್ಮದೇ ಗಿರಣಿ. ಮೂವತ್ತು ವರ್ಷದ ಹಿಂದೆ ಬೆಂಕಿ ಬಿತ್ತು. ಒಳಗಿದ್ದ ಹನ್ನೊಂದು ಜನದಲ್ಲಿ ಒಬ್ಬರೂ ಹೊರಗೆ ಬರ್ಲಿಲ್ಲ. ಬೆಂಕಿ ಶುರುವಾಗಿದ್ದು ಎಲ್ಲಿ? ನೀವು ಅಲ್ಲೇ ಇದ್ರಾ?"

"ಇಲ್ಲಪ್ಪ, ಅವತ್ತು ನಂಗೆ ರಜ. ತಂಗಿ ಮನೇಲಿದ್ದೆ. ಅದಕ್ಕೇ ಇವತ್ತು ನಿನ್ನ ಮುಂದೆ ಕೂತಿದೀನಿ."

ಸಭೆ ನಕ್ಕಿತು.

"ಗೋದಾಮಲ್ಲಿ," ಎಂದ ಮುದುಕ.

ಹಳದಿ ದೀಪ.

"ಗೋದಾಮು ಅಂದ್ರೆ ಊರಗಲ ಇರುತ್ತೆ ಯಜಮಾನ್ರೇ. ಬಿಡಿಸಿ ಹೇಳಿ."

"ಹಿಂದಿನ ಬಾಗಿಲ ಹತ್ರ."

ಮತ್ತೆ ಹಳದಿ. ಒಂದೇ ಪ್ರಶ್ನೆಗೆ ಎರಡು ಸಲ ದೀಪ ಹೊತ್ತಿದ್ದು ಅದೇ ಮೊದಲು. ನಿರೂಪಕ ಕೂಡ ತಿರುಗಿ ನೋಡಿದ.

"ಅಪ್ಪಾ, ನೆನಪು ಮಾಡ್ಕೋ," ಎಂದಳು ಮಗಳು. "ನಿಂಗೆ ಗೊತ್ತಿರುತ್ತೆ."

ಐದು ಸೆಕೆಂಡು. ಮೂರು. ಮುದುಕ ಮಗಳ ಮುಖ ನೋಡಿದ.

"ಬಾಗಿಲ ಎಡಕ್ಕೆ, ಎಣ್ಣೆಬಟ್ಟೆ ರಾಶಿ ಮೇಲೆ. ಲಾಟೀನು ಉರುಳಿದ್ದು ಅಲ್ಲೇ. ಮೊದಲು ಹತ್ಕೊಂಡಿದ್ದು ಒಂದು ನೀಲಿ ಚಿಂದಿ."

ಗಂಟೆ ಮೊಳಗಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಗಳು ಅಳುತ್ತ ಓಡಿಬಂದು ಅಪ್ಪನನ್ನು ತಬ್ಬಿಕೊಂಡಳು. ಪದ್ಧತಿಯಂತೆ ಸರಿಯುತ್ತರ ಓದಲು ನಿರೂಪಕ ತೀರ್ಪುಗಾರ್ತಿಯ ಕೈಯಿಂದ ಚೀಟಿ ತೆಗೆದುಕೊಂಡ. ಇನ್ನೇನಾದರೂ ಬರೆದಿದೆಯೇ ಎಂದು ಅದರ ಹಿಂಬದಿಯನ್ನೂ ತಿರುಗಿಸಿ ನೋಡಿದ.

ಸತ್ತ ಹನ್ನೊಂದು ಜನರಲ್ಲಿ ಒಬ್ಬನ ಹೆಂಡತಿಯಾಗಿದ್ದ ಆ ಟೀಚರು, ಚೀಟಿಯಲ್ಲಿ ತನ್ನ ಕೈಯಾರೆ ಬರೆದಿದ್ದದ್ದು ಒಂದೇ ಪದ: ಗೋದಾಮು.