ಸಿಗ್ನಲ್ ಸಿಗುವ ಜಾಗ

"ಅಕ್ಕ, ಕೆರೆ ಏರಿ ಕಡೆ ಯಾರ್ನೂ ಬಿಡ್ಬ್ಯಾಡಿ. ಐದು ಅವೆ, ಜೊತೇಲಿ ಮರಿ ಬೇರೆ. ತೋಟದಿಂದ ಇಳೀತಾ ಅವೆ," ಎಂದು ಧರ್ಮ ಬೈಕಿನಿಂದ ಇಳಿಯದೆ ಗೇಟಿನಲ್ಲೇ ಕೂಗಿದ. ಆನೆ ಬಂದ ದಿನ ಹೀಗೆ ಮನೆ ಮನೆಗೆ ಹೇಳಿಕೊಂಡು ಹೋಗುವುದು ಅರಣ್ಯ ಇಲಾಖೆ ಅವನಿಗೆ ಕೊಟ್ಟ ಕೆಲಸ. ಸಂಜೆ ಐದೂಕಾಲು. ಅತಿಥಿಗಳಿಗೆಂದು ಕಡುಬು ಕಟ್ಟುತ್ತಿದ್ದ ಶಿವಲೀಲಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ನಿಲ್ಲೋ ಧರ್ಮ! ನಮ್ಮನೆಗೆ ಬರೋರು ಈಗ ಅಲ್ಲಿಗೇ ಬರ್ತಾರೆ."

"ಅಲ್ಲಿಗ್ಯಾಕೆ ಬತ್ತಾರೆ? ಮನೆ ಇಲ್ಲೈತಲ್ಲ."

"ಮ್ಯಾಪಲ್ಲಿ ನಮ್ಮನೆ ಅಲ್ಲೈತೆ."

ಕಾಫಿ ಸ್ಟೋರನ್ನು ಎರಡು ಕೋಣೆ ಮಾಡಿ ಹೋಂಸ್ಟೇ ಎಂದು ಬೋರ್ಡು ಹಾಕಿ ಹತ್ತು ತಿಂಗಳಾಗಿತ್ತು. ಹಾಸಿಗೆಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಹೋದ ತಿಂಗಳು ಹಾಸನದ ತರಬೇತಿಯಲ್ಲಿ, ಗೇಟಿನ ಮುಂದೆ ನಿಂತು ಫೋನಿನಲ್ಲಿ ಲೊಕೇಶನ್ ಒತ್ತಿದರೆ ಸಾಕು, ಜನ ತಾವಾಗಿಯೇ ಬರುತ್ತಾರೆ ಎಂದು ಹೇಳಿಕೊಟ್ಟಿದ್ದರು. ಅವಳ ಗೇಟಿನಲ್ಲಿ ಸಿಗ್ನಲ್ ಇರಲಿಲ್ಲ. ಫೋನು ಮಾಡಬೇಕಾದರೆ ಊರಿನವರೆಲ್ಲ ಒಂದು ಕಿಲೋಮೀಟರ್ ನಡೆದು ಕೆರೆ ಏರಿಗೆ ಹೋಗುತ್ತಾರೆ. ಅವಳೂ ಅಲ್ಲಿಗೆ ಹೋಗಿ ಒತ್ತಿದ್ದಳು. ಬುಕಿಂಗ್ ನೋಡಬೇಕಾದರೂ ಅಲ್ಲಿಗೇ ಹೋಗಬೇಕಾದ್ದರಿಂದ ಅದು ತಪ್ಪೆಂದು ಅವಳಿಗೆ ಹೊಳೆದಿರಲಿಲ್ಲ. ಇವತ್ತು ಬರಬೇಕಾದವರು ಆನ್‌ಲೈನಿನಲ್ಲಿ ಸಿಕ್ಕ ಮೊದಲ ಅತಿಥಿಗಳು. ಮನೆಯಿಂದ ಅವರಿಗೆ ಫೋನು ಮಾಡುವಂತೆಯೂ ಇರಲಿಲ್ಲ.

"ನಮ್ಮೂರ ಕೆಂಚಯ್ಯನ್ನ ಆನೆ ತುಳಿದಿದ್ದು ಅದೇ ಏರಿ ಮೇಲೆ. ಮರ್ತೋಯ್ತಾ ಅಕ್ಕ?"

"ನಾನು ಒತ್ತಿದ್ದು ಬೆಳಗ್ಗೆ ಕಣೋ. ಬೆಳಗ್ಗೆ ಅಲ್ಲಿ ಏನೂ ಇರಲ್ಲ."

ಧರ್ಮ ಬೈಕಿನ ಹಿಂದಿನ ಸೀಟು ತೋರಿಸಿದ. "ಹತ್ತಿ," ಎಂದ.

ಏರಿಯ ಮೇಲೆ ಬಿಳಿ ಕಾರು ನಿಂತಿತ್ತು, ನಾಲ್ಕು ಬಾಗಿಲೂ ತೆರೆದಿದ್ದವು. ಗಂಡಸು ಫೋನು ಎತ್ತಿ ಹಿಡಿದು ವಿಡಿಯೋ ತೆಗೆಯುತ್ತಿದ್ದ. ಹೆಂಡತಿ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನೀರಿನ ಅಂಚಿನವರೆಗೂ ಇಳಿದಿದ್ದಳು. ಆಚೆ ದಡದಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ, ಅವು ನಿಂತಿದ್ದವು. ಮರಿ ಮೈಮೇಲೆ ನೀರೆರಚಿಕೊಳ್ಳುತ್ತಿತ್ತು. ದೊಡ್ಡ ಹೆಣ್ಣಾನೆ ಮಾತ್ರ ಕಿವಿ ಅಗಲಿಸಿ ಇತ್ತಲೇ ನೋಡುತ್ತಿತ್ತು. ಧರ್ಮ ದೂರದಲ್ಲೇ ಬೈಕು ಆರಿಸಿ ಸದ್ದಿಲ್ಲದೆ ಇಳಿದು ಹೋದ. ಆ ಹೆಂಗಸಿನ ಸೊಂಟದಿಂದ ಮಗುವನ್ನು ಕಿತ್ತುಕೊಂಡು ಬಂದು ಕಾರಿನೊಳಗೆ ಕೂರಿಸಿದ. ಅವಳೂ ಹಿಂದೆಯೇ ಓಡಿ ಬಂದಳು.

"ಏನ್ರೀ ಇದು? ಯಾರು ನೀವು?" ಎಂದ ಗಂಡಸು.

"ಮಾತು ಆಮ್ಯಾಲೆ ಸ್ವಾಮಿ. ಮೊದ್ಲು ಒಳಿಕ್ಕೆ ಹೋಗಿ ಬಾಗ್ಲು ಹಾಕ್ಕಳಿ."

ಹೆಣ್ಣಾನೆ ನೀರಿಗಿಳಿಯಿತು. ನಾಲ್ಕು ಹೆಜ್ಜೆ ಇಟ್ಟು ನಿಂತಿತು. ಅಷ್ಟರಲ್ಲಿ ಕಾರು ಹೊರಟಿತು. ದಾರಿ ತೋರಿಸಲೆಂದು ಹಿಂದಿನ ಸೀಟಿನಲ್ಲಿ ಕೂತ ಶಿವಲೀಲಾಳ ಕೈಯ ಹಿಟ್ಟು ಒಣಗಿ ಬಿರಿದಿತ್ತು. ಅವಳು ಎರಡು ಕೈಯನ್ನೂ ಮಂಡಿಗಳ ನಡುವೆ ಒತ್ತಿ ಹಿಡಿದುಕೊಂಡಳು.

ಅಭಿಲಾಷ್ ಎಂದು ಹೆಸರು ಹೇಳಿಕೊಂಡ ಆ ಅತಿಥಿ ಊಟಕ್ಕೆ ಕೂತಾಗಲೂ ಆನೆಯ ಮಾತೇ ತೆಗೆದ. "ಕ್ಯಾಂಪ್‌ಫೈರ್ ಎಲ್ಲಾ ಕಡೆ ಇರುತ್ತೆ ಮೇಡಂ. ಇಂಥದ್ದು ಎಲ್ಲೂ ಸಿಗಲ್ಲ. ಟೈಮಿಂಗ್ ಏನು, ದಿನಾ ಇದೇ ಹೊತ್ತಿಗಾ?"

ವಿಡಿಯೋ ಯಾರಿಗೂ ಕಳಿಸಬೇಡಿ ಎನ್ನುವ ಮಾತು ಅವಳ ಬಾಯಿಗೆ ಬಂದಿತ್ತು. "ಇನ್ನೊಂದು ಕಡುಬು ಹಾಕ್ಲಾ?" ಎಂದಳು.

ಅವರು ಹೊರಟ ಮಾರನೆಯ ದಿನ, ಶುಕ್ರವಾರ ಬೆಳಗ್ಗೆ, ಏರಿಯ ಮೇಲೆ ಅವಳ ಫೋನು ಬಹಳ ಹೊತ್ತು ಸುಮ್ಮನಾಗಲಿಲ್ಲ. ಅಭಿಲಾಷ್ ಕೊಟ್ಟ ಐದು ನಕ್ಷತ್ರ, ಅವನು ಹಾಕಿದ ವಿಡಿಯೋ, ಹದಿನೇಳು ಜನರ ವಿಚಾರಣೆ. ಭಾನುವಾರಕ್ಕೆ ಎರಡು ಕೋಣೆಯೂ ಬುಕ್ ಆಗಿದ್ದವು. ಎಲ್ಲರೂ ಕೇಳಿದ್ದು ಒಂದೇ: ಆನೆಗಳು ಬರುತ್ತವೆ ತಾನೇ? ಅವಳು ಲೊಕೇಶನ್ ಬದಲಿಸುವ ಪುಟ ತೆರೆದಳು. ಆ ಕೆಂಪು ಗುರುತನ್ನು ಬೆರಳಲ್ಲಿ ಎಳೆದು ಮನೆಯ ಮೇಲೆ ಬಿಟ್ಟರೆ ಮುಗಿಯಿತು. ಈ ಭಾನುವಾರದವರು ಬಂದು ಹೋಗಲಿ, ನಾನೇ ಮಧ್ಯಾಹ್ನದಿಂದ ಇಲ್ಲಿ ನಿಂತು ಅವರನ್ನು ಕರೆದುಕೊಂಡು ಹೋಗುತ್ತೇನೆ ಎಂದುಕೊಂಡಳು. ಫೋನು ಆರಿಸಿ ಬ್ಯಾಗಿಗೆ ಹಾಕಿದಳು.

ಅಂದುಕೊಂಡಂತೆಯೇ ಭಾನುವಾರ ಮೂರು ಗಂಟೆಗೆ ಹೋಗಿ ನಿಂತಳು. ಎಂಟು ಕಾರು ಬಂದವು. ಅವಳ ಮನೆಯವು ಎರಡೇ. ಉಳಿದವರು ಅವಳನ್ನು ದಾಟಿಕೊಂಡು ಹೋಗಿ ನೀರಿನ ಹತ್ತಿರ ಚಾಪೆ ಹಾಸಿದರು. ಆ ದಿನ ಆನೆ ಬರಲಿಲ್ಲ. ಕತ್ತಲಾಗುವ ಮುಂಚೆ ಅವರನ್ನು ಎಬ್ಬಿಸಿ ಕಳಿಸುವಷ್ಟರಲ್ಲಿ ಧರ್ಮನ ಗಂಟಲು ಕಟ್ಟಿತ್ತು.

ಸೋಮವಾರ ಬೆಳಕು ಹರಿಯುತ್ತಲೇ ಹೋಗಿ ಗುರುತನ್ನು ಎಳೆದು ಮನೆಯ ಮೇಲೆ ಇಟ್ಟು ಬಂದಳು. ಸಂಜೆ ಧರ್ಮ ಗೇಟಿಗೆ ಬಂದಾಗ ಅವನು ಬಾಯಿ ತೆರೆಯುವ ಮೊದಲೇ, "ಬದಲಾಯಿಸ್ದೆ ಕಣೋ," ಎಂದಳು.

"ನೋಡ್ದೆ." ಅವನು ಏರಿಯ ಮೇಲೆ ತೆಗೆದಿಟ್ಟುಕೊಂಡಿದ್ದ ಸ್ಕ್ರೀನ್‌ಶಾಟನ್ನು ಅವಳ ಮುಂದೆ ಹಿಡಿದ. "ಇದ್ಯಾರು ಹಾಕಿರೋದು ಅಂತ ಹೇಳಿ ಅಕ್ಕ. ಅವ್ರ ಕೈಲಿ ತೆಗ್ಸಾನ."

ಅವಳ ಮನೆ ಸರಿಯಾದ ಜಾಗಕ್ಕೆ ಬಂದಿತ್ತು. ಕೆರೆ ಏರಿಯ ಮೇಲೆ ಇನ್ನೊಂದು ಗುರುತಿತ್ತು. ಯಾರು ಇಟ್ಟದ್ದೋ, ಹೆಸರಿರಲಿಲ್ಲ. 'ಆನೆ ವ್ಯೂ ಪಾಯಿಂಟ್' ಎಂದಿತ್ತು, ಆಗಲೇ ಮೂವತ್ತೊಂದು ಜನ ನಕ್ಷತ್ರ ಕೊಟ್ಟಿದ್ದರು. ಅದರ ಕೆಳಗೆ ಹಸಿರು ಅಕ್ಷರದಲ್ಲಿ ಬರೆದಿತ್ತು: ಈಗ ತೆರೆದಿದೆ. ದಿನದ ಇಪ್ಪತ್ತನಾಲ್ಕು ಗಂಟೆಯೂ.