ಜೇನುಗಿಡುಗ ಬಂದ ಮಧ್ಯಾಹ್ನ

ಬಿಸಿ ಅನ್ನಕ್ಕೆ ಕರಿ ಎಳ್ಳು ಬಿದ್ದ ವಾಸನೆ ಬಂದರೆ ಇಂದಿಗೂ ನನ್ನ ಕಣ್ಣು ಆಕಾಶಕ್ಕೆ ಹೋಗುತ್ತದೆ.

ಲಾಕ್‌ಡೌನ್ ಆಗಿ, ಪರದೇಶದಲ್ಲಿ ನಾವಿದ್ದ ಬಯಾನ್ ಲೆಪಾಸಿನಲ್ಲಿ ವಿಮಾನಗಳ ಸದ್ದೂ ಅಡಗಿತ್ತು. ಉಡುಪಿಯಲ್ಲಿ ಅಪ್ಪನ ತಾಯಿ ತೀರಿಕೊಂಡಿದ್ದರು, ಅಪ್ಪನಿಗೆ ಹೋಗಲಾಗಲಿಲ್ಲ. ಹತ್ತನೆಯ ದಿನ ಅವರು ನಮ್ಮ ಕಾಂಡೋದ ಬಾಲ್ಕನಿಯಲ್ಲೇ ಬಾಳೆಲೆಯ ಮೇಲೆ ಎಳ್ಳನ್ನವಿಟ್ಟು ಕಾಗೆಗಾಗಿ ಕಾದರು. ಪಕ್ಕದಲ್ಲಿ ನಾನು ದುರ್ಬೀನು ಹಿಡಿದು, ಉತ್ತರಕ್ಕೆ ಮರಳುವ ಆ ವರ್ಷದ ಮೊದಲ ಜೇನುಗಿಡುಗಕ್ಕಾಗಿ ಕಾಯುತ್ತಿದ್ದೆ.

ಅಪ್ಪ ಕೂರುತ್ತಿದ್ದರು, ಏಳುತ್ತಿದ್ದರು, ಎಲೆಯನ್ನು ಆಚೀಚೆ ಸರಿಸುತ್ತಿದ್ದರು.

"ಒಳಗೆ ಬನ್ನಿ. ನೀವು ಅಲ್ಲೇ ನಿಂತಿದ್ರೆ ಕಾಗೆ ಹೇಗೆ ಬರುತ್ತೆ?" ಎಂದಳು ಅಮ್ಮ.

"ನಾನು ಹೋಗ್ಲಿಲ್ಲ ಅಲ್ವಾ, ಅವಳಿಗೆ ಸಿಟ್ಟು," ಎಂದರು ಅಪ್ಪ.

ಕೊನೆಗೂ ಒಂದು ಕಾಗೆ ಕಂಬಿಯ ಮೇಲೆ ಇಳಿಯಿತು. ಅಷ್ಟರಲ್ಲಿ ಗಿಡುಗವೊಂದು ತೇಲಿಬಂತು. ಕಾಗೆ ಅದನ್ನು ಅಟ್ಟಿಸಿಕೊಂಡು ಹೋಯಿತು. ಹಿಂದೆಯೇ ಇನ್ನಷ್ಟು ಗಿಡುಗಗಳು ಬಂದವು.

"ಲುಕ್, ಅಪ್ಪಾ," ಎಂದೆ.

ಅಪ್ಪ ಬೈಯಲಿಲ್ಲ. ದುರ್ಬೀನು ಇಸಿದುಕೊಂಡರು.

"ಇವು ನಮ್ಮೂರಿನ ಮೇಲೆ ಹೋಗ್ತಾವಾ?"

"ನೋ ಅಪ್ಪಾ. ಚೈನಾ."

ಆಗ ಹಿಂದೆ ಬಾಳೆಲೆ ಸರಿದ ಸದ್ದಾಯಿತು.

"ತಿರುಗಬೇಡಿ," ಅಮ್ಮ ಪಿಸುಗುಟ್ಟಿದಳು. "ಬಂದಿದೆ. ತಿಂತಾ ಇದೆ."

ಅಪ್ಪ ತಿರುಗಲಿಲ್ಲ. ಗಿಡುಗಗಳು ಕಾಣದಾದ ಮೇಲೂ ದುರ್ಬೀನನ್ನು ಕಣ್ಣಿನಿಂದ ತೆಗೆಯಲಿಲ್ಲ.