ಪೂಜಾರಿಣಿಯ ಮಂತ್ರ

ಸಾವಿರ ವರ್ಷದ ಹಿಂದೆ ಪೂರ್ವ ಯುರೋಪಿನಲ್ಲಿದ್ದ ಸ್ಲಾವ್ ಬುಡಕಟ್ಟಿನ ಕಥೆಯ ಸಿನಿಮಾ ಕನ್ನಡಕ್ಕೆ ಡಬ್ ಆಗುತ್ತಿತ್ತು. ಪರದೆಯ ಮೇಲೆ ಮುದುಕಿ ಪೂಜಾರಿಣಿಯೊಬ್ಬಳು ಮರದ ದೇವರ ಮುಂದೆ ಕುಣಿಯುತ್ತಿದ್ದಳು. ಅವಳಿಗೆ ದನಿ ಕೊಡಲು ಜಾಜಿ ಮೈಕಿನ ಮುಂದೆ ನಿಂತಿದ್ದಳು.

“ಜಾಜಿ, ಈ ಮಂತ್ರಕ್ಕೆ ಡೈಲಾಗ್ ಬರೆದಿಲ್ಲ. ಕಾಡುಜನರ ಥರ ಏನಾದ್ರೂ ಒದರಿಬಿಡಮ್ಮ,” ಎಂದರು ನಿರ್ದೇಶಕರು.

ಜಾಜಿ ಕಾಡಿನ ಬುಡಕಟ್ಟು ಜನರ ಹಾಡಿಯಲ್ಲಿ ಹುಟ್ಟಿದವಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವ ತಮ್ಮ ನುಡಿಯಲ್ಲಿ ಹಾಡಿ ತನ್ನನ್ನು ಮಲಗಿಸುತ್ತಿದ್ದ ಜೋಗುಳವನ್ನೇ ಅವಳು ಕರ್ಕಶವಾಗಿ ಅರಚಿದಳು. ಎಲ್ಲರೂ ಬಿದ್ದುಬಿದ್ದು ನಕ್ಕರು.

“ಸೂಪರ್! ಯಾವ ಭಾಷೆನಮ್ಮಾ ಇದು?”

“ಭಾಷೆ ಅಲ್ಲ ಸರ್, ಸುಮ್ನೆ ಬಾಯಿಗೆ ಬಂದದ್ದು,” ಎಂದು ತಿರುಗಿದರೆ, ಮಗಳ ಕೆಲಸ ನೋಡಲು ಊರಿಂದ ಬಂದ ಅವ್ವ ಬಾಗಿಲಲ್ಲಿ ನಿಂತಿದ್ದಳು. ಜಾಜಿಯ ತಲೆ ತಗ್ಗಿತು.

“ನಿಮಗೇನಾದ್ರೂ ಅರ್ಥ ಆಯ್ತಾ ಅಜ್ಜಿ?” ನಿರ್ದೇಶಕರು ತಮಾಷೆ ಮಾಡಿದರು.

ಅವ್ವ ಮಗಳನ್ನೇ ನೋಡಿದಳು.

“ಇಲ್ಲ ಸ್ವಾಮಿ. ನಮ್ ಕಡೆ ಯಾರೂ ಹಿಂಗೆ ಹಾಡಲ್ಲ.”